ಆರು ತಿಂಗಳ ಕುರ್ಚಿ

ಇವತ್ತಿನ ಸಂಚಿಕೆ ಶುರು ಮಾಡೋಕೆ ಮುಂಚೆ ನಂದೊಂದು ತಪ್ಪೊಪ್ಪಿಗೆ ಇದೆ.

ಡಿಗ್ರಿ ಓದುವಾಗ ನಾನು ಹಾಸ್ಟೆಲ್‌ನಲ್ಲಿದ್ದೆ. ನಮ್ಮ ಮೆಸ್ಸಿನಲ್ಲಿ ತಿಂಗಳ ಒಟ್ಟು ಖರ್ಚನ್ನು ಎಲ್ಲರೂ ಸಮನಾಗಿ ಹಂಚಿಕೊಳ್ತಿದ್ವಿ. ಲೆಕ್ಕ ಬರೆಯೋಕೆ, ದಿನಸಿ ತರೋಕೆ, ಅಡುಗೆ ಭಟ್ಟರ ಹತ್ತಿರ ಮಾತಾಡೋಕೆ ತಿಂಗಳಿಗೊಬ್ಬ ಮೆಸ್ ಸೆಕ್ರೆಟರಿ. ರೂಮ್ ನಂಬರಿನ ಪ್ರಕಾರ ಸರದಿ. ನನ್ನ ಸರದಿ ಬಂದ ತಿಂಗಳು ದೊಡ್ಡದೊಂದು ಜಗಳ ನಡೀತಿತ್ತು: ರಾತ್ರಿ ಊಟಕ್ಕೆ ಮುದ್ದೆನಾ, ಜೋಳದ ರೊಟ್ಟಿನಾ? ನಾನು ಮುದ್ದೆ ಕಡೆಯವನು. ಮೆನು ಬದಲಾಯಿಸೋ ಅಧಿಕಾರ ಸೆಕ್ರೆಟರಿಗೆ ಇರಲಿಲ್ಲ, ಅದನ್ನು ಮೀಟಿಂಗೇ ತೀರ್ಮಾನ ಮಾಡಬೇಕಿತ್ತು. ಆದ್ರೆ ಮೀಟಿಂಗ್ ಎಷ್ಟೊತ್ತಿಗೆ, ಯಾವ ವಿಷಯ ಮೊದಲು, ಯಾವುದು ಕೊನೆಗೆ ಅನ್ನೋದು ನನ್ನ ಕೈಯಲ್ಲಿತ್ತು. ನಾನು ಏನು ಮಾಡಿದೆ ಗೊತ್ತಾ? ನೀರಿನ ಫಿಲ್ಟರು, ತಟ್ಟೆ ತೊಳೆಯೋ ಜಾಗ, ಬಾಕಿ ಉಳಿಸಿಕೊಂಡವರ ಪಟ್ಟಿ, ಎಲ್ಲಾ ಮುಗಿಸಿ ರೊಟ್ಟಿ ವಿಷಯವನ್ನು ಕಟ್ಟಕಡೆಗೆ ಇಟ್ಟೆ. ಅಷ್ಟೊತ್ತಿಗೆ ರಾತ್ರಿ ಹತ್ತೂವರೆ. ಉತ್ತರ ಕರ್ನಾಟಕದ ಹುಡುಗರಲ್ಲಿ ಅರ್ಧ ಜನ ಎದ್ದು ಹೋಗಿದ್ರು. ಕೈ ಎತ್ತಿಸಿದೆ. ಮುದ್ದೆ ಗೆದ್ದಿತು.

ಒಂದು ನಿಯಮವನ್ನೂ ನಾನು ಮುರಿದಿರಲಿಲ್ಲ. ಆದ್ರೂ ಮೋಸ ಮಾಡಿದ್ದೆ.

ಇವತ್ತು ಮಾತಾಡೋಕೆ ಹೊರಟಿರೋದು ಇಂಥದ್ದೇ ಒಂದು ಕುರ್ಚಿ ಬಗ್ಗೆ. ಅಲ್ಲಿ ತೀರ್ಮಾನ ಆಗೋದು ಮುದ್ದೆ ರೊಟ್ಟಿ ಅಲ್ಲ, ಸುಮಾರು 45 ಕೋಟಿ ಜನರಿಗೆ ಅನ್ವಯಿಸೋ ಕಾನೂನು. ಯುರೋಪಿಯನ್ ಯೂನಿಯನ್ ಅನ್ನೋ 27 ದೇಶಗಳ ಒಕ್ಕೂಟದಲ್ಲಿ ಮಂತ್ರಿಗಳ ಸಭೆ ನಡೆಸೋ ಅಧ್ಯಕ್ಷತೆ ಆರಾರು ತಿಂಗಳಿಗೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತೆ. ಜನವರಿ 1ಕ್ಕೆ ಒಬ್ಬರು, ಜುಲೈ 1ಕ್ಕೆ ಇನ್ನೊಬ್ಬರು. ಚುನಾವಣೆ ಇಲ್ಲ, ಅರ್ಹತಾ ಪರೀಕ್ಷೆ ಇಲ್ಲ. ಸರದಿ ಬಂತಾ, ಕೂರು.

ಇದು ನಮಗೆ ತೀರಾ ದೂರದ ಮಾತೂ ಅಲ್ಲ. 2023ರಲ್ಲಿ ಜಿ20 ಅಧ್ಯಕ್ಷತೆ ಭಾರತಕ್ಕೆ ಬಂದಿದ್ದು ನೆನಪಿದೆಯಲ್ಲ? ಅದೂ ವರ್ಷಕ್ಕೊಮ್ಮೆ ತಿರುಗೋ ಕುರ್ಚಿಯೇ. ಜುಲೈನಲ್ಲಿ ಹಂಪಿಯಲ್ಲೂ ಸಭೆ ನಡೆಯಿತು. ಅದಕ್ಕೂ ಮುಂಚೆ, ಫೆಬ್ರವರಿ 24 ಮತ್ತು 25ರಂದು ಬೆಂಗಳೂರಲ್ಲಿ ಹಣಕಾಸು ಮಂತ್ರಿಗಳು ಸೇರಿದ್ರು. ಉಕ್ರೇನ್ ಯುದ್ಧದ ಬಗ್ಗೆ ಎರಡು ಪ್ಯಾರಾಗಳಿಗೆ ರಷ್ಯಾ, ಚೀನಾ ಒಪ್ಪಲಿಲ್ಲ. ಹಾಗಾಗಿ ಎಲ್ಲರೂ ಸಮ್ಮತಿಸಿದ ಜಂಟಿ ಹೇಳಿಕೆ ಹೊರಬರಲಿಲ್ಲ. ಅದರ ಬದಲು ಬಂದಿದ್ದು ‘ಅಧ್ಯಕ್ಷರ ಸಾರಾಂಶ’. ಉಳಿದವರೆಲ್ಲ ಒಪ್ಪಿದ್ದಾರೆ, ಈ ಇಬ್ಬರು ಒಪ್ಪಿಲ್ಲ ಅಂತ ಅಡಿಟಿಪ್ಪಣಿ ಸಮೇತ ಬರೆದು, ಸಭೆ ವ್ಯರ್ಥ ಆಗದ ಹಾಗೆ ನೋಡಿಕೊಂಡಿದ್ದು ಅಧ್ಯಕ್ಷ ಸ್ಥಾನದಲ್ಲಿದ್ದ ಭಾರತ. ಪೆನ್ನು ಯಾರ ಕೈಯಲ್ಲಿದೆ ಅನ್ನೋದು ಅಲ್ಲಿ ಮುಖ್ಯ ಆಯ್ತು.

ಆದ್ರೆ ಜಿ20 ಕಾನೂನು ಮಾಡಲ್ಲ. ಅಲ್ಲಿ ಆಗೋದು ಮಾತುಕತೆ. ಯುರೋಪಿನ ಒಕ್ಕೂಟ ಹಾಗಲ್ಲ. ಅದು ದೇಶಗಳ ಮೇಲೊಂದು ಆಡಳಿತ. ಅಲ್ಲಿ ಆದ ಕಾನೂನು ಸದಸ್ಯ ದೇಶದ ಸ್ವಂತ ಕಾನೂನಿಗಿಂತ ಮೇಲೆ ನಿಲ್ಲುತ್ತೆ. ಅಂಥ ಕಡೆ ಕುರ್ಚಿಯನ್ನು ಸರದಿ ಮೇಲೆ ಯಾಕೆ ಬಿಟ್ರು? ಅದಕ್ಕೆ ಉತ್ತರ ಬೇಕಂದ್ರೆ ಯುದ್ಧದ ಹೊಗೆ ಇನ್ನೂ ಆರದಿದ್ದ ಕಾಲಕ್ಕೆ ಹೋಗಬೇಕು.

ವರ್ಣಮಾಲೆಯ ನ್ಯಾಯ

1940ರ ಮೇ 10. ಜರ್ಮನ್ ಸೇನೆ ಒಂದೇ ದಿನ ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಮೂರರ ಮೇಲೂ ನುಗ್ಗಿತು. ಲಕ್ಸೆಂಬರ್ಗ್ ಅಂದ್ರೆ ನಮ್ಮ ಒಂದು ಸಾಧಾರಣ ಜಿಲ್ಲೆಗಿಂತ ಚಿಕ್ಕ ದೇಶ. ಯುದ್ಧ ಮುಗಿದು ಐದು ವರ್ಷಕ್ಕೆ, 1950ರ ಮೇ 9ರಂದು, ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್ ಒಂದು ಪ್ರಸ್ತಾಪ ಮುಂದಿಟ್ರು: ಯುದ್ಧಕ್ಕೆ ಬೇಕಾಗಿರೋದು ಕಲ್ಲಿದ್ದಲು ಮತ್ತು ಉಕ್ಕು. ಇವೆರಡನ್ನೂ ಫ್ರಾನ್ಸ್, ಜರ್ಮನಿ ಒಂದೇ ಆಡಳಿತದ ಕೆಳಗೆ ಇಡೋಣ, ಬರೋರು ಬರಲಿ. ಆರು ದೇಶ ಸೇರಿದ್ವು. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್.

ಈಗ ಚಿಕ್ಕ ದೇಶಗಳ ಜಾಗದಲ್ಲಿ ನಿಂತು ಯೋಚಿಸಿ. ದೊಡ್ಡವರಿಬ್ಬರು ಒಂದಾಗ್ತಿದ್ದಾರೆ ಅಂದ್ರೆ ಖುಷಿಯೂ ಹೌದು, ಭಯವೂ ಹೌದು. ನಾಳೆ ಅವರಿಬ್ಬರೇ ಎಲ್ಲಾ ತೀರ್ಮಾನ ಮಾಡಿಬಿಟ್ರೆ? ಆ ಭಯಕ್ಕೆ ಸಿಕ್ಕ ಒಂದು ಮದ್ದು ಮಂತ್ರಿಗಳ ಮಂಡಳಿ. ಅದರ ಅಧ್ಯಕ್ಷತೆ ದೇಶಗಳ ಹೆಸರಿನ ಅಕ್ಷರ ಕ್ರಮದಲ್ಲಿ ತಿರುಗುತ್ತೆ, ಮೂರು ತಿಂಗಳಿಗೊಮ್ಮೆ. 1958ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯ ಶುರುವಾದಾಗ ಅವಧಿ ಆರು ತಿಂಗಳಾಯ್ತು.

ಅಕ್ಷರ ಕ್ರಮ ಅಂದ್ರೆ ಯಾವ ಭಾಷೆಯ ಅಕ್ಷರ? ಅವರವರ ಭಾಷೆಯದ್ದು. ಜರ್ಮನರು ತಮ್ಮ ದೇಶವನ್ನು ಡಾಯ್ಚ್‌ಲಾಂಡ್ ಅಂತಾರೆ. ಹಾಗಾಗಿ ಬೆಲ್ಜಿಯಂ ಆದ ಮೇಲೆ ಜರ್ಮನಿ, ಆಮೇಲೆ ಫ್ರಾನ್ಸ್, ಇಟಲಿ, ಲಕ್ಸೆಂಬರ್ಗ್, ನೆದರ್ಲೆಂಡ್ಸ್. ಮೂರು ವರ್ಷಕ್ಕೆ ಒಂದು ಸುತ್ತು.

ಈ ಲೆಕ್ಕದಲ್ಲಿ ಲಕ್ಸೆಂಬರ್ಗ್ ಸರದಿ ಬಂದಿದ್ದು 1960ರ ಮೊದಲ ಆರು ತಿಂಗಳು. ಜರ್ಮನ್ ಸೇನೆ ಗಡಿ ದಾಟಿ ಸರಿಯಾಗಿ ಇಪ್ಪತ್ತು ವರ್ಷ ಆಗಿತ್ತು. ಐದು ಕೋಟಿಗೂ ಹೆಚ್ಚು ಜನಸಂಖ್ಯೆಯ ಪಶ್ಚಿಮ ಜರ್ಮನಿಯ ಮಂತ್ರಿ ಆ ಸಭೆಯಲ್ಲಿ ಮಾತಾಡಬೇಕಂದ್ರೆ ಮೂರು ಲಕ್ಷ ಚಿಲ್ಲರೆ ಜನರ ಲಕ್ಸೆಂಬರ್ಗಿನ ಮಂತ್ರಿಯಿಂದ ಅವಕಾಶ ಕೇಳಬೇಕು. ಸರದಿ ಪದ್ಧತಿಯ ನಿಜವಾದ ಬೆಲೆ ಇದೇ ಅಂತ ನನಗನಿಸುತ್ತೆ. ಆಡಳಿತ ಚುರುಕಾಗಲಿ ಅಂತ ಇದನ್ನು ತಂದಿದ್ದಲ್ಲ. ಈ ಮನೆ ಯಾರೊಬ್ಬರದ್ದೂ ಅಲ್ಲ ಅಂತ ತೋರಿಸೋಕೆ ತಂದಿದ್ದು.

ಪಟ್ಟಿ, ಗಡಿಯಾರ, ಪೆನ್ನು

ಸರಿ, ಕುರ್ಚಿ ಮೇಲೆ ಕೂತವರ ಕೈಯಲ್ಲಿ ಏನಿರುತ್ತೆ? ಮೇಲ್ನೋಟಕ್ಕೆ ಬಹಳ ಕಮ್ಮಿ. ಹೊಸ ಕಾನೂನಿನ ಪ್ರಸ್ತಾಪ ತರೋದು ಯುರೋಪಿಯನ್ ಕಮಿಷನ್, ಅಧ್ಯಕ್ಷ ದೇಶ ಅಲ್ಲ. ಅಧ್ಯಕ್ಷರಿಗೆ ಹೆಚ್ಚುವರಿ ಮತ ಇಲ್ಲ. ಯಾರಿಗೂ ಆದೇಶ ಕೊಡೋಕಾಗಲ್ಲ.

ಆದ್ರೆ ಮೂರು ಸಣ್ಣ ಸಾಮಾನು ಇವೆ. ಒಂದು ಪಟ್ಟಿ: ಯಾವ ವಿಷಯ ಯಾವಾಗ ಚರ್ಚೆಗೆ ಬರಬೇಕು. ಎರಡು ಗಡಿಯಾರ: ಚರ್ಚೆ ಎಲ್ಲಿವರೆಗೆ ಎಳೀಬೇಕು, ಯಾವಾಗ ಮತಕ್ಕೆ ಹಾಕಬೇಕು, ಯಾವಾಗ ಬಾಗಿಲು ಹಾಕಬೇಕು. ಮೂರು ಪೆನ್ನು: ಎಲ್ಲರೂ ಕಿತ್ತಾಡ್ತಿರುವಾಗ ರಾಜಿಯ ಕರಡು ಬರೆಯೋದು. ಮಂತ್ರಿಗಳ ಸಭೆಯ ಕೆಳಗೆ ರಾಯಭಾರಿಗಳ ಸಮಿತಿ, ಅದರ ಕೆಳಗೆ 150ಕ್ಕೂ ಹೆಚ್ಚು ಕಾರ್ಯತಂಡಗಳು. ಬಹುಪಾಲು ಕಡೆ ಅದೇ ದೇಶದ ಅಧಿಕಾರಿಗಳು ಅಧ್ಯಕ್ಷತೆ ವಹಿಸ್ತಾರೆ. ಒಂದು ಪುಟ್ಟ ದೇಶಕ್ಕೆ ಇದು ಮದುವೆ ಮನೆ ಓಡಾಟ ಇದ್ದ ಹಾಗೆ, ಮನೆಮಂದಿಯೆಲ್ಲ ಸೊಂಟ ಕಟ್ಟಿ ನಿಲ್ಲಬೇಕು.

ಈ ಮೂರು ಸಾಮಾನಿನಲ್ಲಿ ಗಡಿಯಾರದ ಕಥೆ ಮೊದಲು ಹೇಳ್ತೀನಿ.

ನಿಂತ ಗಡಿಯಾರ, ನಿಲ್ಲದ ಗಡಿಯಾರ

1961ರ ಡಿಸೆಂಬರ್ 31ರೊಳಗೆ ಕೃಷಿ ನೀತಿಯ ಬಗ್ಗೆ ಆರು ದೇಶಗಳು ಒಪ್ಪಂದಕ್ಕೆ ಬರಬೇಕಿತ್ತು. ಬರಲಿಲ್ಲ. ಮಂತ್ರಿಗಳು ಏನು ಮಾಡಿದ್ರು? ಗಡಿಯಾರ ನಿಲ್ಲಿಸಿದ್ರು. ಡಿಸೆಂಬರ್ 31 ಇನ್ನೂ ಮುಗಿದೇ ಇಲ್ಲ ಅಂತ ಎಲ್ಲರೂ ಒಪ್ಪಿಕೊಂಡು ಚರ್ಚೆ ಮುಂದುವರಿಸಿದ್ರು. ಒಪ್ಪಂದ ಆಗಿದ್ದು 1962ರ ಜನವರಿ 14ಕ್ಕೆ. ರಾಹುಕಾಲ ದಾಟಿಸೋಕೆ ನಮ್ಮ ಮನೆಗಳಲ್ಲಿ ಕಾಯ್ತಾರಲ್ಲ, ಇದು ಅದರ ಉಲ್ಟಾ.

ಮೂರೂವರೆ ವರ್ಷ ಕಳೀತು. 1965ರ ಜೂನ್ 30. ಮತ್ತೆ ಕೃಷಿ, ಮತ್ತೆ ಗಡುವು. ರೈತರಿಗೆ ಕೊಡೋ ಹಣ ಎಲ್ಲಿಂದ ಬರಬೇಕು ಅನ್ನೋದು ಪ್ರಶ್ನೆ. ಕಮಿಷನ್ ಅಧ್ಯಕ್ಷ ವಾಲ್ಟರ್ ಹಾಲ್‌ಸ್ಟೈನ್ ಅದರ ಜೊತೆಗೆ ಇನ್ನೊಂದನ್ನೂ ಕಟ್ಟಿದ್ರು: ಸಮುದಾಯಕ್ಕೆ ಸ್ವಂತ ಆದಾಯ ಬೇಕು, ಯುರೋಪಿನ ಸಂಸತ್ತಿಗೆ ಹೆಚ್ಚಿನ ಅಧಿಕಾರ ಬೇಕು. ಫ್ರಾನ್ಸಿನ ಅಧ್ಯಕ್ಷ ಚಾರ್ಲ್ಸ್ ಡಿಗಾಲ್‌ಗೆ ಇದು ಸುತರಾಂ ಇಷ್ಟ ಇರಲಿಲ್ಲ. ಮುಂದಿನ ಜನವರಿಯಿಂದ ಹಲವು ವಿಷಯಗಳಲ್ಲಿ ಬಹುಮತದ ಮೇಲೆ ತೀರ್ಮಾನ ಶುರುವಾಗೋದಿತ್ತು. ಅದಂತೂ ಇನ್ನೂ ಕಸಿವಿಸಿ. ಫ್ರಾನ್ಸಿನ ಹಣೆಬರಹವನ್ನು ಬೇರೆಯವರು ಕೈ ಎತ್ತಿ ತೀರ್ಮಾನಿಸೋದಾ?

ಆ ರಾತ್ರಿ ಬ್ರಸೆಲ್ಸ್‌ನಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಯಾರು? ಫ್ರಾನ್ಸಿನ ವಿದೇಶಾಂಗ ಮಂತ್ರಿ ಮೊರೀಸ್ ಕೂವ್ ದ ಮೂರ್ವಿಲ್. ಯಾಕಂದ್ರೆ ಆ ಆರು ತಿಂಗಳು ಫ್ರಾನ್ಸಿನ ಸರದಿ. ಉಳಿದವರು ಗಡಿಯಾರ ನಿಲ್ಲಿಸೋಣ, ಇನ್ನೂ ಮಾತಾಡೋಣ ಅಂದ್ರು. ಕೂವ್ ಒಪ್ಪಲಿಲ್ಲ. ಬೆಳಗಿನ ಜಾವ ಎರಡು ಗಂಟೆಗೆ, ಒಪ್ಪಂದ ಆಗಿಲ್ಲ ಅಂತ ಹೇಳಿ ಸಭೆ ಮುಗಿಸಿಬಿಟ್ರು. ಆವತ್ತಿಗೆ ಜುಲೈ 1, ಫ್ರಾನ್ಸಿನ ಸರದಿಯೂ ಮುಗಿದಿತ್ತು.

ಕೆಲವೇ ದಿನಗಳಲ್ಲಿ ಫ್ರಾನ್ಸ್ ಬ್ರಸೆಲ್ಸ್‌ನಿಂದ ತನ್ನ ಪ್ರತಿನಿಧಿಯನ್ನು ವಾಪಸ್ ಕರೆಸಿಕೊಂಡಿತು. ಮಂತ್ರಿಗಳ ಸಭೆಗೆ ಬರೋದನ್ನೇ ಬಿಟ್ಟಿತು. ಇತಿಹಾಸದಲ್ಲಿ ಇದಕ್ಕೆ ‘ಖಾಲಿ ಕುರ್ಚಿಯ ಬಿಕ್ಕಟ್ಟು’ ಅಂತ ಹೆಸರು. ಆರು ಜನರ ಮನೆಯಲ್ಲಿ ಯಜಮಾನನಂಥವನೇ ಮುನಿಸಿಕೊಂಡು ಹೊರಗೆ ಹೋದ ಹಾಗೆ. ಏಳು ತಿಂಗಳು ಹೀಗೇ ನಡೀತು. ಇಡೀ ಯೋಜನೆಯೇ ಮುರಿದು ಬೀಳುತ್ತಾ ಅನ್ನೋ ಆತಂಕ. ಕುರ್ಚಿ ಇಟಲಿಗೆ ಹೋಯ್ತು. ಐದು ದೇಶಗಳೂ ಒಗ್ಗಟ್ಟು ಬಿಡಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಅತ್ತ ಡಿಸೆಂಬರಿನ ಫ್ರೆಂಚ್ ಚುನಾವಣೆಯಲ್ಲಿ ಡಿಗಾಲ್ ಮೊದಲ ಸುತ್ತಿನಲ್ಲೇ ಗೆಲ್ಲೋಕಾಗದೆ ಎರಡನೇ ಸುತ್ತಿಗೆ ಹೋಗಬೇಕಾಯ್ತು. ರೈತರ ಸಿಟ್ಟೂ ಅದಕ್ಕೊಂದು ಕಾರಣ.

1966ರ ಜನವರಿ 1. ಅಕ್ಷರ ಕ್ರಮದಲ್ಲಿ ಮುಂದಿನವರು ಯಾರು? ಲಕ್ಸೆಂಬರ್ಗ್. ಎಲ್ಲರಿಗಿಂತ ಚಿಕ್ಕವರು.

ಫ್ರಾನ್ಸ್ ಬ್ರಸೆಲ್ಸ್‌ಗೆ ಕಾಲಿಡಲ್ಲ ಅಂದಿತ್ತು. ಸರಿ, ನಮ್ಮೂರಿಗೆ ಬನ್ನಿ ಅಂದಿತು ಲಕ್ಸೆಂಬರ್ಗ್. ಪ್ರಧಾನಿಯೂ ವಿದೇಶಾಂಗ ಮಂತ್ರಿಯೂ ಆಗಿದ್ದ ಪಿಯರ್ ವೆರ್ನರ್ ಅಧ್ಯಕ್ಷತೆ ವಹಿಸಿದ್ರು. ತಿಂಗಳ ಕೊನೆಗೆ ಒಂದು ವಿಚಿತ್ರ ಕಾಗದ ಹೊರಬಂತು. ಒಂದು ದೇಶಕ್ಕೆ ಅತಿ ಮುಖ್ಯವಾದ ಹಿತದ ಪ್ರಶ್ನೆ ಬಂದಾಗ ಎಲ್ಲರೂ ಒಪ್ಪೋ ಪರಿಹಾರ ಹುಡುಕೋಣ ಅಂತ ಆರೂ ದೇಶ ಒಪ್ಪಿದ್ವು. ಹುಡುಕಿದರೂ ಸಿಗದಿದ್ರೆ? ಒಮ್ಮತ ಆಗೋವರೆಗೂ ಮಾತಾಡ್ತಾನೇ ಇರಬೇಕು ಅಂತ ಫ್ರಾನ್ಸ್. ಉಳಿದ ಐವರು ಅದನ್ನು ಒಪ್ಪಲಿಲ್ಲ. ಈ ಭಿನ್ನಾಭಿಪ್ರಾಯ ಇದೆ ಅನ್ನೋದನ್ನೂ ಅದೇ ಕಾಗದದಲ್ಲಿ ಬರೆದ್ರು. ಅಂದ್ರೆ, ನಮಗೆ ಒಪ್ಪಿಗೆ ಆಗಿಲ್ಲ ಅನ್ನೋದಕ್ಕೆ ಎಲ್ಲರ ಒಪ್ಪಿಗೆ ಇದೆ ಅಂತ.

ಫ್ರಾನ್ಸ್ ವಾಪಸ್ ಬಂತು. ಸಮುದಾಯ ಉಳೀತು. ಆದ್ರೆ ಬೆಲೆಯನ್ನೂ ತೆತ್ತಿತು. ಮುಂದಿನ ಸುಮಾರು ಇಪ್ಪತ್ತು ವರ್ಷ ಯಾರಾದ್ರೂ ‘ಇದು ನಮ್ಮ ಅತಿ ಮುಖ್ಯ ಹಿತ’ ಅಂದ್ರೆ ಸಾಕು, ಮತಕ್ಕೆ ಹಾಕೋ ಧೈರ್ಯ ಬರ್ತಿರಲಿಲ್ಲ. ಒಪ್ಪಂದದಲ್ಲಿ ಬಹುಮತ ಅಂತ ಬರೆದಿದ್ರೂ ನಡೀತಿದ್ದಿದ್ದು ಒಮ್ಮತ.

ಒಂದೇ ಕುರ್ಚಿ ನೋಡಿ. ದೊಡ್ಡ ದೇಶ ಅದರಲ್ಲಿ ಕೂತು ತನ್ನ ಹಿತಕ್ಕಾಗಿ ಗಡಿಯಾರ ನಿಲ್ಲಿಸಲ್ಲ ಅಂದಿತು. ಚಿಕ್ಕ ದೇಶ ಅದರಲ್ಲಿ ಕೂತು ಎಲ್ಲರೂ ಮರಳಿ ಬರೋ ದಾರಿ ಮಾಡಿತು. ಚಿಕ್ಕವರು ಒಳ್ಳೆಯವರು ಅಂತ ನಾನು ಹೇಳ್ತಿಲ್ಲ. ಚಿಕ್ಕವರನ್ನು ಕಂಡ್ರೆ ಯಾರಿಗೂ ಭಯ ಇರಲ್ಲ, ಹಾಗಾಗಿ ರಾಜಿಗೆ ಕರೆದಾಗ ಬರ್ತಾರೆ. ಅಷ್ಟೇ.

ಮತಕ್ಕೆ ಹಾಕಿದ ಕ್ರಾಕ್ಸಿ, ಎಡವಿದ ಡಚ್ಚರು

ಈಗ ಪಟ್ಟಿಯ ಕಥೆ. 1985ರ ಜೂನ್ 28, 29. ಇಟಲಿಯ ಮಿಲಾನ್. ಹತ್ತು ದೇಶಗಳ ನಾಯಕರು ಸೇರಿದ್ದಾರೆ. ಮೂಲ ಒಪ್ಪಂದವನ್ನೇ ತಿದ್ದೋಕೆ ಒಂದು ಸಮ್ಮೇಳನ ಕರೀಬೇಕಾ ಅನ್ನೋ ಚರ್ಚೆ. ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್‌ಗೆ ಬೇಡ. ಡೆನ್ಮಾರ್ಕ್, ಗ್ರೀಸ್‌ಗೂ ಬೇಡ. ನಾಯಕರ ಈ ಮಟ್ಟದ ಸಭೆಯಲ್ಲಿ ಅಲ್ಲಿವರೆಗೂ ಯಾವತ್ತೂ ಮತ ಎಣಿಸಿರಲಿಲ್ಲ. ಆದ್ದರಿಂದ ಮೂವರು ಬೇಡ ಅಂದ್ರೆ ವಿಷಯ ಅಲ್ಲಿಗೇ ಬಿತ್ತು ಅಂತ ಎಲ್ಲರೂ ಅಂದುಕೊಂಡಿದ್ರು.

ಅಧ್ಯಕ್ಷರ ಕುರ್ಚಿಯಲ್ಲಿ ಇಟಲಿಯ ಪ್ರಧಾನಿ ಬೆಟ್ಟಿನೊ ಕ್ರಾಕ್ಸಿ. ಸಮ್ಮೇಳನ ಕರೆಯೋದಕ್ಕೆ ಬಹುಮತ ಸಾಕು ಅಂತ ಒಪ್ಪಂದದಲ್ಲೇ ಇದೆ, ಮತಕ್ಕೆ ಹಾಕ್ತೀನಿ ಅಂದ್ರು. ಏಳು ಪರ, ಮೂರು ವಿರೋಧ. ಥ್ಯಾಚರ್ ಕೆಂಡಾಮಂಡಲ. ಆದ್ರೆ ನಿಯಮ ಮುರಿದಿಲ್ಲವಲ್ಲ! ಸಮ್ಮೇಳನ ನಡೀತು, ಥ್ಯಾಚರ್ ಕೂಡ ಭಾಗವಹಿಸಿದ್ರು. ಕುರ್ಚಿ ಆ ಹೊತ್ತಿಗೆ ಮತ್ತೆ ಲಕ್ಸೆಂಬರ್ಗ್ ಕೈಗೆ ಬಂದಿತ್ತು. ಡಿಸೆಂಬರಿನಲ್ಲಿ ಅಲ್ಲೇ ಒಪ್ಪಂದ ಕುದುರಿ, 1986ರ ಫೆಬ್ರವರಿಯಲ್ಲಿ ಸಹಿ ಬಿತ್ತು. ಸರಕು, ಸೇವೆ, ಹಣ, ಜನ ಇವೆಲ್ಲ ಗಡಿಯ ಅಡ್ಡಿಯಿಲ್ಲದೆ ಓಡಾಡೋ ಏಕ ಮಾರುಕಟ್ಟೆಗೆ 1992ರ ಕೊನೆಯ ಗಡುವು ಕೊಟ್ಟಿದ್ದು ಅದೇ ದಾಖಲೆ. ಅದಕ್ಕೆ ಬಾಗಿಲು ತೆರೆದಿದ್ದು ಅಧ್ಯಕ್ಷರ ಒಂದು ಮಾತು: ಮತಕ್ಕೆ ಹಾಕ್ತೀನಿ.

ಹಾಗಂತ ಕುರ್ಚಿ ಸಿಕ್ಕವರೆಲ್ಲ ಇತಿಹಾಸ ಬರೀತಾರೆ ಅಂದ್ಕೋಬೇಡಿ. ಪೆನ್ನು ಕೈಗೆ ಬಂದ ಹುಮ್ಮಸ್ಸಿನಲ್ಲಿ ಎಡವಿದವರೂ ಇದ್ದಾರೆ. 1991ರ ಮೊದಲಾರ್ಧದಲ್ಲಿ ಲಕ್ಸೆಂಬರ್ಗ್ ಹೊಸ ಒಪ್ಪಂದವೊಂದರ ಕರಡು ಸಿದ್ಧ ಮಾಡಿತ್ತು. ಜುಲೈನಲ್ಲಿ ನೆದರ್ಲೆಂಡ್ಸ್ ಬಂತು. ಈ ಕರಡು ಸಪ್ಪೆ ಅಂತ ಪಕ್ಕಕ್ಕಿಟ್ಟು, ಒಕ್ಕೂಟದ ಕೈಗೆ ಇನ್ನೂ ಹೆಚ್ಚು ಅಧಿಕಾರ ಕೊಡೋ ತಮ್ಮದೇ ಕರಡು ಬರೆದ್ರು. ಸೆಪ್ಟೆಂಬರ್ 30ಕ್ಕೆ ಅದು ಮಂತ್ರಿಗಳ ಮುಂದೆ ಬಂತು. ಹನ್ನೆರಡು ದೇಶಗಳಲ್ಲಿ ಅದರ ಬೆನ್ನಿಗೆ ನಿಂತಿದ್ದು ಬೆಲ್ಜಿಯಂ ಒಂದೇ. ಡಚ್ ರಾಜತಾಂತ್ರಿಕರು ಆ ದಿನವನ್ನು ಈಗಲೂ ‘ಕಪ್ಪು ಸೋಮವಾರ’ ಅಂತ ಕರೀತಾರೆ. ತಲೆ ತಗ್ಗಿಸಿ ಹಳೇ ಲಕ್ಸೆಂಬರ್ಗ್ ಕರಡನ್ನೇ ಮತ್ತೆ ಎತ್ತಿಕೊಂಡ್ರು. ಎರಡೂವರೆ ತಿಂಗಳೊಳಗೆ, ಡಿಸೆಂಬರಿನಲ್ಲಿ, ತಮ್ಮದೇ ಊರು ಮಾಸ್ಟ್ರಿಕ್ಟ್‌ನಲ್ಲಿ ಒಪ್ಪಂದ ಮುಗಿಸಿದ್ರು. ಯುರೋಪಿಯನ್ ಯೂನಿಯನ್ ಅನ್ನೋ ಹೆಸರು, ಯೂರೊ ನಾಣ್ಯದ ದಾರಿ ಎಲ್ಲ ಬಂದಿದ್ದು ಅದರಿಂದಲೇ.

ಕುರ್ಚಿಯಲ್ಲಿದ್ದಾಗ ನಿಮ್ಮ ಆಸೆಯನ್ನು ಕರಡಿನಲ್ಲಿ ಬರೆದ್ರೆ ಅದು ನಿಮ್ಮೊಬ್ಬರ ಕಾಗದ ಆಗುತ್ತೆ. ಉಳಿದವರು ಎಲ್ಲಿವರೆಗೆ ಬರಬಲ್ಲರು ಅಂತ ಅಳೆದು ಬರೆದ್ರೆ ಮಾತ್ರ ಸಹಿ ಬೀಳುತ್ತೆ.

ನಿಮ್ಮ ಫೋನಿನ ಲೆಕ್ಕ

ಇದೆಲ್ಲ ಕೋಟು ಹಾಕಿದವರ ಆಟ, ನಮಗೇನು ಅಂತ ಅನ್ನಿಸ್ತಿದ್ರೆ, ನಿಮ್ಮ ಕೈಯಲ್ಲಿರೋ ಫೋನನ್ನೇ ತಗೊಳ್ಳಿ. ಮೊದಲು ಯುರೋಪಿನಲ್ಲಿ ಒಂದು ದೇಶದ ಸಿಮ್ ಇಟ್ಟುಕೊಂಡು ಪಕ್ಕದ ದೇಶಕ್ಕೆ ಹೋದ್ರೆ ರೋಮಿಂಗ್ ಬಿಲ್ಲು ನೋಡಿ ಎದೆ ಧಸಕ್ ಅಂತಿತ್ತು. ಅಲ್ಲಿ ಓದೋಕೆ, ಕೆಲಸಕ್ಕೆ ಹೋದ ನಮ್ಮ ಕನ್ನಡದ ಹುಡುಗ ಹುಡುಗಿಯರು ಈಗ ಜರ್ಮನಿಯ ಸಿಮ್ಮಿನಲ್ಲೇ ಪ್ಯಾರಿಸ್‌ನಿಂದ ಮಾಮೂಲಿ ದರಕ್ಕೆ ಡೇಟಾ ಬಳಸ್ತಾರೆ. ಹೇಗೆ?

ದರಕ್ಕೆ ಮಿತಿ ಹಾಕೋ ಮೊದಲ ಕಾನೂನು ಬಂದಿದ್ದು 2007ರಲ್ಲಿ. ರೋಮಿಂಗ್ ಶುಲ್ಕವನ್ನೇ ತೆಗೆದುಹಾಕೋ ಒಪ್ಪಂದ ಕುದುರಿದ್ದು 2015ರ ಜೂನ್ 30ರ ಬೆಳಗಿನ ಜಾವ. ಮಂಡಳಿಯ ಪರವಾಗಿ ಸಂಸತ್ತಿನ ಜೊತೆ ಚೌಕಾಸಿ ಮಾಡ್ತಿದ್ದಿದ್ದು ಲಾಟ್ವಿಯಾ, ಅದು ಅವರ ಸರದಿಯ ಕೊನೆಯ ದಿನ. ಆದ್ರೂ ಕೆಲಸ ಬಾಕಿ ಇತ್ತು. ಒಂದು ಕಂಪನಿ ಇನ್ನೊಂದು ಕಂಪನಿಗೆ ಎಷ್ಟು ಕೊಡಬೇಕು ಅನ್ನೋ ಸಗಟು ದರ ಇತ್ಯರ್ಥ ಆಗಬೇಕಿತ್ತು. ಅದನ್ನು ಮುಗಿಸಿದ್ದು 2017ರ ಆರಂಭದಲ್ಲಿ ಕುರ್ಚಿಯಲ್ಲಿದ್ದ ಮಾಲ್ಟಾ, ಒಕ್ಕೂಟದ ಅತಿ ಪುಟ್ಟ ದೇಶ. ಆ ವರ್ಷ ಜೂನ್ 15ರಿಂದ ಶುಲ್ಕ ಹೋಯ್ತು. ಕಾನೂನು ಅನ್ನೋದು ಅಲ್ಲಿ ರಿಲೇ ಓಟದ ಕೋಲು. ಓಡಿದವರ ಹೆಸರು ಯಾರಿಗೂ ನೆನಪಿರಲ್ಲ, ಕೋಲು ಕೆಳಗೆ ಬೀಳಬಾರದು ಅಷ್ಟೇ.

ಆರು ತಿಂಗಳು ಸಾಕಾ?

ದೂರುಗಳೂ ಇದ್ದವು. ಕೆಲಸ ಕಲಿಯೋಷ್ಟರಲ್ಲಿ ಆರು ತಿಂಗಳು ಮುಗಿಯುತ್ತೆ. ಪ್ರತಿ ದೇಶವೂ ತನ್ನ ಇಷ್ಟದ ವಿಷಯ ಮುಂದಕ್ಕೆ ತರುತ್ತೆ, ಹಿಂದಿನವರದ್ದು ಮೂಲೆಗೆ ಬೀಳುತ್ತೆ. ಯುರೋಪಿನ ಜೊತೆ ಮಾತಾಡಬೇಕಾದ ಬೇರೆ ದೇಶಗಳಿಗೆ ಆರಾರು ತಿಂಗಳಿಗೆ ಹೊಸ ಮುಖ.

2009 ಈ ದೂರುಗಳನ್ನೆಲ್ಲ ಒಟ್ಟಿಗೇ ತೋರಿಸಿತು. ಆ ಜನವರಿಯಲ್ಲಿ ಕುರ್ಚಿ ಜೆಕ್ ಗಣರಾಜ್ಯಕ್ಕೆ ಬಂತು. ಸಂಪ್ರದಾಯದಂತೆ ಬ್ರಸೆಲ್ಸ್ ಕಟ್ಟಡದಲ್ಲಿ ಒಂದು ಕಲಾಕೃತಿ ಇಡಿಸಿದ್ರು. 27 ದೇಶದ 27 ಕಲಾವಿದರು ಮಾಡಿದ್ದು ಅಂತ ಹೇಳಿದ್ರು. ನೋಡಿದ್ರೆ, ಅದನ್ನು ಮಾಡಿದ್ದು ದಾವಿದ್ ಚೆರ್ನಿ ಅನ್ನೋ ಒಬ್ಬ ಕಲಾವಿದ ಮತ್ತು ಅವನ ಗೆಳೆಯರು! ಅದರಲ್ಲಿ ಬಲ್ಗೇರಿಯಾವನ್ನು ಕುಕ್ಕರಗಾಲಲ್ಲಿ ಕೂರೋ ಶೌಚಾಲಯದ ಹಾಗೆ ತೋರಿಸಿದ್ರು. ಬಲ್ಗೇರಿಯಾ ಸಿಟ್ಟಾಯ್ತು, ಆ ಭಾಗಕ್ಕೆ ಕಪ್ಪು ಬಟ್ಟೆ ಮುಚ್ಚಿದ್ರು. ಅದು ನಗುವಿನ ಸಂಗತಿ. ನಿಜವಾದ ತಲೆನೋವು ಮಾರ್ಚ್ 24ಕ್ಕೆ ಬಂತು. ಜಗತ್ತೇ ಆರ್ಥಿಕ ಕುಸಿತದಲ್ಲಿದ್ದಾಗ ಪ್ರಧಾನಿ ಮಿರೆಕ್ ತೊಪೊಲಾನೆಕ್ ಅವರ ಸರ್ಕಾರ ಪ್ರಾಗ್‌ನಲ್ಲಿ ಅವಿಶ್ವಾಸ ಮತಕ್ಕೆ ಬಿದ್ದುಹೋಯ್ತು. ಯುರೋಪನ್ನು ನಡೆಸಬೇಕಾದವರಿಗೆ ಮನೆಯಲ್ಲೇ ಸರ್ಕಾರ ಇಲ್ಲ.

ಅದೇ ವರ್ಷ ಡಿಸೆಂಬರ್ 1ಕ್ಕೆ ಲಿಸ್ಬನ್ ಒಪ್ಪಂದ ಜಾರಿಗೆ ಬಂತು. ದೇಶಗಳ ಮುಖ್ಯಸ್ಥರ ಸಭೆಗೆ ಎರಡೂವರೆ ವರ್ಷ ಅವಧಿಯ ಪೂರ್ಣಾವಧಿ ಅಧ್ಯಕ್ಷರು ಬಂದ್ರು, ಮೊದಲಿಗರು ಬೆಲ್ಜಿಯಂನ ಹರ್ಮನ್ ವಾನ್ ರೊಂಪಯ್. ವಿದೇಶಾಂಗ ಮಂತ್ರಿಗಳ ಸಭೆಗೂ ಪ್ರತ್ಯೇಕ ಅಧ್ಯಕ್ಷತೆ ಆಯ್ತು. ಸರದಿ ಬಂದ ಮೂರು ಮೂರು ದೇಶ ಕೂತು ಹದಿನೆಂಟು ತಿಂಗಳ ಕಾರ್ಯಕ್ರಮ ಮಾಡೋ ಪದ್ಧತಿಯೂ ಗಟ್ಟಿಯಾಯ್ತು. ಆದ್ರೆ ಕೃಷಿ, ಹಣಕಾಸು, ಪರಿಸರ, ಸಾರಿಗೆ ಇಂಥ ಮಂತ್ರಿಗಳ ಸಭೆಗಳನ್ನು ಮಾತ್ರ ಸರದಿಗೇ ಬಿಟ್ರು. ‘ಸಮಾನ ಸರದಿ’ ಅಂತ ಒಪ್ಪಂದದಲ್ಲೇ ಬರೆದ್ರು.

ಒಂದು ತಮಾಷೆ ನೋಡಿ. 2010ರ ಎರಡನೇ ಆರು ತಿಂಗಳು ಬೆಲ್ಜಿಯಂ ಸರದಿ. ಅಲ್ಲಿ ಜೂನ್‌ನಲ್ಲಿ ಚುನಾವಣೆ ಆಗಿ ಹೊಸ ಸರ್ಕಾರವೇ ರಚನೆ ಆಗಿರಲಿಲ್ಲ, 541 ದಿನ ಆಗಲೂ ಇಲ್ಲ. ಉಸ್ತುವಾರಿ ಸರ್ಕಾರವೇ ಆರು ತಿಂಗಳೂ ಕುರ್ಚಿ ನಡೆಸಿತು. ಅನುಭವಿ ಅಧಿಕಾರಿಗಳು ಇದ್ರು, ಮಂತ್ರಿಗಳಿಗೆ ಸ್ವಂತ ಅಜೆಂಡಾ ಕಮ್ಮಿ ಇತ್ತು. ಕೆಲಸ ಚೆನ್ನಾಗಿಯೇ ಆಯ್ತು!

ಕುರ್ಚಿ ಮತ್ತು ಅಂಟು

ಈಗ ಕಷ್ಟದ ಪ್ರಶ್ನೆಗೆ ಬರ್ತೀನಿ. ಸರದಿ ಅಂದ್ರೆ ಎಲ್ಲರಿಗೂ ಬರುತ್ತೆ. ಮನೆಯವರಿಗೆ ನಂಬಿಕೆ ಇಲ್ಲದವರಿಗೂ ಬರುತ್ತೆ. ಆಗ?

2024ರ ಜುಲೈ 1ಕ್ಕೆ ಹಂಗೇರಿ ಸರದಿ. ಒಂದು ವರ್ಷ ಮುಂಚೆಯೇ, 2023ರ ಜೂನ್‌ನಲ್ಲಿ, ಯುರೋಪಿನ ಸಂಸತ್ತು ನಿರ್ಣಯ ಮಾಡಿ ಕೇಳಿತ್ತು: ಕಾನೂನಿನ ಆಳ್ವಿಕೆಯ ಬಗ್ಗೆ ಇಷ್ಟೊಂದು ಆಕ್ಷೇಪ ಇರೋ ದೇಶ ಅಧ್ಯಕ್ಷತೆಯನ್ನು ಹೇಗೆ ನಂಬಿಕೆಯಿಂದ ನಡೆಸುತ್ತೆ? ಆ ನಿರ್ಣಯಕ್ಕೆ ತಡೆಯೋ ಬಲ ಇರಲಿಲ್ಲ. ಸರದಿ ಬಂತು. ಜುಲೈ 2ಕ್ಕೆ ಪ್ರಧಾನಿ ವಿಕ್ಟರ್ ಓರ್ಬಾನ್ ಕೀವ್‌ಗೆ ಹೋದ್ರು. ಜುಲೈ 5ಕ್ಕೆ ಮಾಸ್ಕೋದಲ್ಲಿ ಪುಟಿನ್ ಜೊತೆ ಕೂತಿದ್ರು. ಜುಲೈ 8ಕ್ಕೆ ಬೀಜಿಂಗ್. ಶಾಂತಿ ಯಾತ್ರೆ ಅಂದ್ರು. ಉಳಿದವರು ಕೇಳಿದ್ದು, ಯಾರ ಪರವಾಗಿ? ಸರದಿ ಅಧ್ಯಕ್ಷರಿಗೆ ಒಕ್ಕೂಟದ ಪರ ರಷ್ಯಾ ಜೊತೆ ಮಾತಾಡೋ ಅಧಿಕಾರ ಇಲ್ಲ ಅಂತ ನಾಯಕರ ಸಭೆಯ ಅಧ್ಯಕ್ಷ ಶಾರ್ಲ್ ಮಿಶೆಲ್ ಬಹಿರಂಗವಾಗಿ ಹೇಳಿದ್ರು. ಹಂಗೇರಿ ನಡೆಸೋ ಅನೌಪಚಾರಿಕ ಸಭೆಗಳಿಗೆ ಕಮಿಷನರುಗಳ ಬದಲು ಅಧಿಕಾರಿಗಳನ್ನಷ್ಟೇ ಕಳಿಸೋಕೆ ಕಮಿಷನ್ ತೀರ್ಮಾನಿಸಿತು. ವಿದೇಶಾಂಗ ಮಂತ್ರಿಗಳ ಅನೌಪಚಾರಿಕ ಸಭೆ ಬುಡಾಪೆಸ್ಟ್ ಬಿಟ್ಟು ಬ್ರಸೆಲ್ಸ್‌ನಲ್ಲೇ ನಡೀತು.

ಗಮನಿಸಿ, ಕುರ್ಚಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಆದ್ರೆ ಎದುರಿಗೆ ಕೂತು ಕೇಳೋರು ಕಮ್ಮಿ ಆದ್ರು. ಇನ್ನೊಂದು ಕಡೆ ದಿನನಿತ್ಯದ ಯಂತ್ರ ನಿಲ್ಲಲಿಲ್ಲ. ವರ್ಷಗಳಿಂದ ಕಾಯ್ತಿದ್ದ ರೊಮೇನಿಯಾ, ಬಲ್ಗೇರಿಯಾ ದೇಶಗಳ ಭೂಗಡಿಯ ತಪಾಸಣೆ ತೆಗೆಯೋ ತೀರ್ಮಾನ ಆಗಿದ್ದು ಅದೇ ಡಿಸೆಂಬರಿನಲ್ಲಿ, ಹಂಗೇರಿಯ ಅಧ್ಯಕ್ಷತೆಯಲ್ಲೇ. ಎಲ್ಲರಿಗೂ ಬೇಕಾದ ಕೆಲಸಕ್ಕೆ ಕುರ್ಚಿ ಬಳಸಿದಾಗ ಕುರ್ಚಿಗೆ ಬಲ ಇತ್ತು. ತನ್ನೊಬ್ಬನ ಯಾತ್ರೆಗೆ ಬಳಸಿದಾಗ ಇರಲಿಲ್ಲ.

ಹಾಗಾದ್ರೆ ಅರ್ಹರಿಗೆ ಮಾತ್ರ ಸರದಿ ಕೊಡಬಹುದಲ್ಲ? ಕೇಳೋಕೆ ಚೆನ್ನಾಗಿದೆ. ಆದ್ರೆ ಅರ್ಹತೆ ಅಳೆಯೋದು ಯಾರು? ದೊಡ್ಡವರು. ಹಂಗೇರಿಯನ್ನು ದಾಟಿಸಿದ ನಿಯಮ ನಾಳೆ ಮಾಲ್ಟಾವನ್ನು, ಲಕ್ಸೆಂಬರ್ಗನ್ನೂ ದಾಟಿಸುತ್ತೆ. 1966ರಲ್ಲಿ ಬಲಾಬಲ ನೋಡಿ ಕುರ್ಚಿ ಕೊಟ್ಟಿದ್ರೆ ಅದು ಲಕ್ಸೆಂಬರ್ಗಿಗೆ ಸಿಗ್ತಾನೇ ಇರಲಿಲ್ಲ. ಇವತ್ತು 27 ದೇಶ ಇರೋದ್ರಿಂದ ಒಮ್ಮೆ ಎದ್ದು ಹೋದವರಿಗೆ ಮತ್ತೆ ಸರದಿ ಬರೋಕೆ ಹದಿಮೂರು ವರ್ಷ. ಅಷ್ಟು ವರ್ಷ ಅವರು ಬೇರೆಯವರು ನಡೆಸೋ ಸಭೆಯಲ್ಲಿ ಕೂರಬೇಕು. ಕುರ್ಚಿ ಮೇಲಿದ್ದಾಗ ಮಾಡಿದ್ದನ್ನು ಎದುರಿಗಿದ್ದವರು ಮರೆತಿರಲ್ಲ. ಈ ಪದ್ಧತಿಯ ಕಾವಲುಗಾರ ಇದೇ. ಪೂರ್ತಿ ಕಾವಲಲ್ಲ, ಆದ್ರೂ ನಾನು ಇದನ್ನೇ ಆರಿಸಿಕೊಳ್ತೀನಿ.

ಕೊನೆಗೆ ನಮ್ಮ ಹಾಸ್ಟೆಲ್ಲು. ನನ್ನ ನಂತರ ಸೆಕ್ರೆಟರಿ ಆದವನು ವಿಜಯಪುರ ಕಡೆಯ ಹುಡುಗ. ಆವತ್ತು ರಾತ್ರಿ ಎದ್ದು ಹೋಗಿದ್ದವರಲ್ಲಿ ಅವನೂ ಒಬ್ಬ. ಈಗ ಅವನ ಸರದಿ, ಅವನ ಗಡಿಯಾರ. ನಾನು ಮಾಡಿದ್ದನ್ನೇ ತಿರುಗಿ ಮಾಡ್ತಾನೆ ಅಂತ ಕಾಯ್ತಿದ್ದೆ. ಅವನು ಮೀಟಿಂಗನ್ನು ಎಂಟು ಗಂಟೆಗೇ ಇಟ್ಟ, ಎಲ್ಲರೂ ಊಟಕ್ಕೆ ಬರೋ ಹೊತ್ತಿಗೆ. ರೊಟ್ಟಿ ವಿಷಯವನ್ನು ಪಟ್ಟಿಯ ಮೊದಲಿಗೆ ಬರೆದ. ಮುದ್ದೆ ಪರ ಯಾರು ಮಾತಾಡ್ತೀರಿ ಅಂತ ಕೇಳಿ ನನ್ನ ಕಡೆ ತಿರುಗಿದ.

“ಮೊದ್ಲ ನೀನ ಮಾತಾಡಪಾ” ಅಂದ.

ವಾರಕ್ಕೆ ಮೂರು ದಿನ ರೊಟ್ಟಿ, ಮೂರು ದಿನ ಮುದ್ದೆ, ಭಾನುವಾರ ಚಪಾತಿ ಅಂತ ತೀರ್ಮಾನ ಆಯ್ತು. ನಾನು ಹಾಸ್ಟೆಲ್ ಬಿಡೋವರೆಗೂ ಆ ಮೆನು ಬದಲಾಗಲಿಲ್ಲ. ಎಷ್ಟು ಜನ ಸೆಕ್ರೆಟರಿಗಳು ಬಂದು ಹೋದ್ರೂ.

ನಿಮ್ಮ ರೂಮು, ಆಫೀಸು, ಸಂಘ, ಎಲ್ಲೇ ಆಗಲಿ, ಸರದಿ ಮೇಲೆ ಸಿಕ್ಕ ಕುರ್ಚಿಯ ಕಥೆ ಇದ್ರೆ ನಮಗೆ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.